ಬೀಜಕ್ಕುಳಿದ ಕಾಡು

ನಮ್ಮ ನಾಡಿನ ರೈತರಲ್ಲಿ ಹಿಂದಿನಿಂದಲೂ ನಡೆದುಬಂದ ಒಂದು ಕಟ್ಟುಪಾಡು ಉಂಟು. ಎಂಥ ಬರಗಾಲ ಬಂದರೂ, ಮನೆಯ ಮಕ್ಕಳು ಅರೆಹೊಟ್ಟೆ ಉಣ್ಣಬೇಕಾಗಿ ಬಂದರೂ, ಬಿತ್ತನೆಗೆಂದು ತೆಗೆದಿರಿಸಿದ ಕಾಳಿಗೆ ಕೈಹಾಕಬಾರದು. ಬೀಜದ ಕಾಳು ಅಳತೆಯಲ್ಲಿ ಅಲ್ಪ. ಒಂದು ಸಂಸಾರದ ಹಸಿವನ್ನು ಅದು ಹೆಚ್ಚು ದಿನ ತಣಿಸಲಾರದು. ಆದರೆ ಮುಂದಿನ ವರ್ಷದ ಹೊಲವೆಲ್ಲ ಆ ಅಲ್ಪದಲ್ಲಿಯೇ ಅಡಗಿದೆ ಎಂಬುದನ್ನು ಬಲ್ಲವರಾದುದರಿಂದ ಹಿರಿಯರು ಅದನ್ನು ಬೇರೆಯೇ ಆದ ಗೌರವದಿಂದ ಕಂಡರು. ಹೊಲಕ್ಕೆ ಸಲ್ಲುವ ಈ ಮಾತು ಕಾಡಿಗೂ ಸಲ್ಲುತ್ತದೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಅಗ್ನಿಪರ್ವತದಿಂದ ಹೊರಟ ಬೆಂಕಿಯ ಹೊಳೆ ದೊಡ್ಡದೊಂದು ಅರಣ್ಯವನ್ನು ನುಂಗಿ ಹೋದ ಮೇಲೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಉಳಿದುಕೊಳ್ಳುವ ಹಸಿರು ತುಂಡುಗಳ ವೃತ್ತಾಂತವನ್ನು ಅರಿತರೆ, ಕಾಡಿಗೂ ಬೀಜದ ಕಾಳೆಂಬುದು ಉಂಟೆಂದು ಮನದಟ್ಟಾಗುತ್ತದೆ.

ಇಂಥ ಹಸಿರು ತುಂಡುಗಳನ್ನು ಹೇರಳವಾಗಿ ಕಾಣಬೇಕಾದರೆ ಹವಾಯಿ ದ್ವೀಪಗಳನ್ನು ನೋಡಬೇಕು. ಪೆಸಿಫಿಕ್ ಮಹಾಸಾಗರದ ನಡುವೆ, ತೀರ ಹತ್ತಿರದ ಖಂಡದಿಂದಲೂ ಸುಮಾರು ೩,೭೦೦ ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪಗಳು ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ರಾಜ್ಯವಾಗಿವೆ. ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿ ಈ ಹಸಿರು ತುಂಡಿಗೆ 'ಕೀಪುಕ' ಎಂದು ಹೆಸರು. ಆ ಪದದ ಅರ್ಥವ್ಯಾಪ್ತಿಯೇ ಸೊಗಸಾದುದು. ಉಕ್ಕುವ ಕಡಲಿನ ನಡುವೆ ಅಲೆಯಡಗಿದ ಒಂದು ತಾಣವೂ ಕೀಪುಕವೇ. ಮೋಡಗಳ ನಡುವೆ ತೆರೆದುಕೊಂಡ ಬಾನಿನ ತುಣುಕೂ ಕೀಪುಕವೇ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಕಲ್ಲಿನ ಹರಹಿನ ನಡುವೆ ಹಳೆಯ ಮಣ್ಣನ್ನೂ ಹಳೆಯ ಮರಗಳನ್ನೂ ಉಳಿಸಿಕೊಂಡಿರುವ ನೆಲವೇ ಕೀಪುಕ. ಭೂವಿಜ್ಞಾನಿಗಳು ಈ ಪದವನ್ನು ಹಾಗೆಯೇ ಎತ್ತಿಕೊಂಡು ಬೇರೆ ದೇಶಗಳ ಅಗ್ನಿಪರ್ವತಗಳಿಗೂ ಬಳಸುತ್ತಾರೆ.

ದ್ವೀಪಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡದೂ ಎಲ್ಲಕ್ಕಿಂತ ಎಳೆಯದೂ ಆದ ದ್ವೀಪಕ್ಕೂ ಹವಾಯಿ ಎಂದೇ ಹೆಸರು. ಐದು ಅಗ್ನಿಪರ್ವತಗಳು ಒಂದನ್ನೊಂದು ಒತ್ತಿಕೊಂಡು ಬೆಳೆದು ಈ ದ್ವೀಪವಾಗಿದೆ. ಅವುಗಳಲ್ಲಿ ಮೌನ ಲೋವ ಸಮುದ್ರಮಟ್ಟದಿಂದ ೪,೧೬೯ ಮೀಟರ್ ಎತ್ತರವಿದೆ. ಅದರ ಪಕ್ಕದ ಕಿಲವೇಯ ಅಷ್ಟು ಎತ್ತರದ್ದಲ್ಲವಾದರೂ ಜಗತ್ತಿನಲ್ಲಿ ಅತಿ ಹೆಚ್ಚು ಬಾರಿ ಉಕ್ಕುವ ಅಗ್ನಿಪರ್ವತಗಳ ಸಾಲಿಗೆ ಸೇರಿದೆ. ಇಲ್ಲಿನ ಶಿಲಾರಸ ಹೆಚ್ಚಾಗಿ ಸಿಡಿದು ಚೆದರುವುದಿಲ್ಲ. ಕುದಿಯುವ ಪಾಕದಂತೆ ಇಳಿಜಾರಿನಲ್ಲಿ ಹರಿದುಬರುತ್ತದೆ. ಅದರ ಕಾವು ೧,೧೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲು. ತಣಿದ ಮೇಲೆ ಅದು ನುಣ್ಣಗೆ, ಹಗ್ಗದ ಸುರುಳಿಯಂತೆ ಮಡಿಕೆ ಮಡಿಕೆಯಾಗಿ ನಿಂತರೆ 'ಪಹೋಯಿಹೋಯಿ' ಎನ್ನುತ್ತಾರೆ. ಕಾಲಿಡಲಾಗದಂಥ ಚೂಪು ಕಲ್ಲುಗಳ ರಾಶಿಯಾಗಿ ನಿಂತರೆ 'ಅಅ' ಎನ್ನುತ್ತಾರೆ. ಇವೆರಡೂ ಹವಾಯಿಯ ನುಡಿಗಳೇ.

ಹೀಗೆ ಹರಿದುಬರುವ ಶಿಲಾರಸ ನೀರಿನಂತೆಯೇ ತಗ್ಗನ್ನು ಹುಡುಕುತ್ತದೆ. ದಾರಿಯಲ್ಲಿ ಹಳೆಯದೊಂದು ದಿಬ್ಬ ಸಿಕ್ಕಿದರೆ ಎರಡಾಗಿ ಕವಲೊಡೆದು, ದಿಬ್ಬವನ್ನು ಬಳಸಿಕೊಂಡು ಹೋಗಿ, ಕೆಳಗೆ ಮತ್ತೆ ಒಂದಾಗುತ್ತದೆ. ಕೆಲವೊಮ್ಮೆ ಹೊರಟ ಪ್ರವಾಹದ ಕಸುವು ಕುಂದಿ ಅಂಚಿನಲ್ಲಿಯೇ ಗಟ್ಟಿಯಾಗಿ ನಿಂತುಬಿಡುತ್ತದೆ. ಅದರ ಆಚೆಯ ಕಾಡು ಉಳಿಯುತ್ತದೆ. ಹೀಗೆ ಸುತ್ತುವರಿಯಲ್ಪಟ್ಟು ಉಳಿದ ನೆಲ ಒಂದು ಅಂಗಳದಷ್ಟಿರಬಹುದು, ನೂರಾರು ಎಕರೆಯೂ ಇರಬಹುದು. ಮೌನ ಲೋವದ ಈಶಾನ್ಯದ ಇಳಿಜಾರಿನಲ್ಲಿ ೧೮೫೫ರಲ್ಲಿಯೂ ೧೮೮೧ರಲ್ಲಿಯೂ ಹರಿದ ಪ್ರವಾಹಗಳು ಒಂದೇ ಕಾಡನ್ನು ನೂರಾರು ತುಂಡುಗಳಾಗಿ ಸೀಳಿವೆ. ಇಂದು ಮೌನ ಲೋವ ಮತ್ತು ಮೌನ ಕೇಯ ಪರ್ವತಗಳ ನಡುವಣ ಹೆದ್ದಾರಿಯಲ್ಲಿ ಹೋಗುವವರಿಗೆ ಕಪ್ಪು ಕಲ್ಲಿನ ಕಡಲಿನಲ್ಲಿ ಹಸಿರು ನಡುಗಡ್ಡೆಗಳು ತೇಲುತ್ತಿರುವಂತೆ ಅವು ಕಾಣುತ್ತವೆ.

ಇಂಥ ನಡುಗಡ್ಡೆಯೊಂದರ ಒಳಗೆ ಏನಿರುತ್ತದೆ? ಕಿಲವೇಯದ ಸಮೀಪ, ಸುಮಾರು ೧,೨೦೦ ಮೀಟರ್ ಎತ್ತರದಲ್ಲಿ, ಕೀಪುಕ ಪುವಾವುಲು ಎಂಬ ಪ್ರಸಿದ್ಧವಾದ ಒಂದು ಕಾಡಿದೆ. ವಿಸ್ತಾರದಲ್ಲಿ ಅದು ನೂರು ಎಕರೆಯ ಆಸುಪಾಸು. ಕಾಲಾಂತರದಲ್ಲಿ ಅಗ್ನಿಪರ್ವತದ ಬೂದಿ ಬಿದ್ದು ಬಿದ್ದು ಅಲ್ಲಿನ ಮಣ್ಣು ಆಳವೂ ಮೃದುವೂ ಆಗಿದೆ. ಅಲ್ಲಿ ಬೆಳೆದಿರುವ ಮರಗಳ ಹೆಸರು ನಮಗೆ ಅಪರಿಚಿತವಾದರೂ ಅವುಗಳ ಬಳಗ ಅಪರಿಚಿತವಲ್ಲ. ಕೆಂಪು ಕುಚ್ಚಿನಂಥ ಹೂ ಬಿಡುವ ಓಹಿಯ ಮರ ನಮ್ಮ ನೇರಳೆಯ ಕುಟುಂಬಕ್ಕೆ ಸೇರಿದುದು. ಹಿಂದಿನವರು ದೋಣಿ ಕಡೆಯಲು ಆರಿಸುತ್ತಿದ್ದ ಕೋವ ಮರ ನಮ್ಮಲ್ಲಿ ನೆಡುತೋಪುಗಳಲ್ಲಿ ಬೆಳೆಸುವ ಅಕೇಶಿಯದ ಬಂಧು. ಅಲ್ಲಿನ 'ಮಾನೆಲೆ' ಎಂಬ ಮರವಂತೂ ನಮ್ಮ ಅಂಟುವಾಳದ ಒಡಹುಟ್ಟೇ ಸರಿ. ಸಾವಿರಾರು ಕಿಲೋಮೀಟರ್ ಕಡಲು ಅಡ್ಡವಿದ್ದರೂ ಗಾಳಿ, ನೀರು, ಹಕ್ಕಿಗಳ ನೆರವಿನಿಂದ ಎಂದೋ ಬಂದು ಸೇರಿದ ಕೆಲವೇ ಬೀಜಗಳಿಂದ ಆ ದ್ವೀಪಗಳ ಸಸ್ಯಸಂಪತ್ತು ಬೆಳೆದಿದೆ. ಹಾಗೆ ಬಂದವು ಬೇರೆ ಜಾತಿಗಳ ಸಂಪರ್ಕವಿಲ್ಲದೆ ಲಕ್ಷಾಂತರ ವರ್ಷ ಬದುಕಿ ತಮ್ಮದೇ ರೂಪಗಳನ್ನು ತಾಳಿದುದರಿಂದ, ಹವಾಯಿಯಲ್ಲಿ ಸಹಜವಾಗಿ ಬೆಳೆಯುವ ಹೂಬಿಡುವ ಸಸ್ಯಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜಗತ್ತಿನ ಬೇರೆಲ್ಲಿಯೂ ಇಲ್ಲ. ಅಲ್ಲಿ ನಾಶವಾದುದನ್ನು ಬೇರೆಡೆಯಿಂದ ತಂದು ತುಂಬಿಕೊಳ್ಳುವ ಮಾತೇ ಇಲ್ಲ.

ಈ ಉಳಿಕೆಯ ಕಾಡು ಮಾಡುವ ಕೆಲಸವನ್ನು ಈಗ ನೋಡೋಣ. ಹೊಸದಾಗಿ ತಣಿದ ಶಿಲಾರಸದ ಬಯಲಿನಲ್ಲಿ ಮಣ್ಣೆಂಬುದೇ ಇರುವುದಿಲ್ಲ. ಕಲ್ಲಿನಲ್ಲಿ ಬೇರೆ ಖನಿಜಗಳಿದ್ದರೂ ಗಿಡಗಳಿಗೆ ಬೇಕಾದ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅಂಥಲ್ಲಿಗೆ ಮೊದಲು ಬರುವ ಜೀವಿಗಳಲ್ಲಿ ಒಂದು, ಮಿಡತೆಯ ಬಂಧುವಾದ ರೆಕ್ಕೆಯಿಲ್ಲದ ಒಂದು ಪುಟ್ಟ ಚಿಮ್ಮಂಡೆ. ಕಲ್ಲು ತಣಿದ ಕೆಲವೇ ತಿಂಗಳಲ್ಲಿ ಅದು ಬಿರುಕುಗಳಲ್ಲಿ ಕಾಣಿಸಿಕೊಂಡು, ಗಾಳಿ ಹೊತ್ತುತಂದ ಎಲೆಚೂರು, ಸತ್ತ ಹುಳುಗಳನ್ನು ತಿಂದು ಬದುಕುತ್ತದೆ. ಅನಂತರ ಬೂದುಬಿಳುಪಿನ ಕಲ್ಲುಹೂವು ಬಂಡೆಯ ಮೇಲೆ ಹಬ್ಬುತ್ತದೆ. ಬಿರುಕುಗಳಲ್ಲಿ ಜರೀಗಿಡ ತಲೆಯೆತ್ತುತ್ತದೆ. ಧೂಳಿನಷ್ಟು ಸಣ್ಣದಾದ ಓಹಿಯದ ಬೀಜ ಗಾಳಿಯಲ್ಲಿ ಹಾರಿಬಂದು ಮೊಳೆಯುತ್ತದೆ. ಮಳೆ ಚೆನ್ನಾಗಿ ಬೀಳುವ ಪೂರ್ವದ ಇಳಿಜಾರುಗಳಲ್ಲಿ ಒಂದೆರಡು ಶತಮಾನಗಳೊಳಗಾಗಿ ಮತ್ತೆ ಕಾಡು ಕವಿಯಬಹುದು. ಮಳೆ ಕಡಿಮೆಯಿರುವ ಪಶ್ಚಿಮದ ಕಡೆ ಅದೇ ಕಲ್ಲು ಶತಮಾನಗಳು ಕಳೆದರೂ ಬರಿದಾಗಿಯೇ ಇರುತ್ತದೆ.

ಗಾಳಿ ಹೊತ್ತುತರುವ ಆ ಎಲೆಚೂರು ಎಲ್ಲಿಂದ ಬಂದುದು? ಆ ಬೀಜ ಯಾವ ಮರದ್ದು? ಪ್ರವಾಹದ ಅಂಚಿನಲ್ಲಿ ಉಳಿದ ಕಾಡಿನದು ಅಥವಾ ನಡುವೆ ಉಳಿದ ಕೀಪುಕದ್ದು. ಹಗುರವಾದ ಬೀಜಗಳನ್ನು ಗಾಳಿ ಒಯ್ಯಬಹುದು. ತಿರುಳುಳ್ಳ ಹಣ್ಣುಗಳ ಬೀಜವನ್ನು ಒಯ್ಯಲು ಹಕ್ಕಿ ಬೇಕು. 'ಓಮಾವೊ' ಎಂಬ ಹಣ್ಣುತಿನ್ನುವ ಹಕ್ಕಿ ಕೀಪುಕಗಳಲ್ಲಿ ವಾಸಿಸುತ್ತ ಈ ಕೆಲಸವನ್ನು ಮಾಡುತ್ತದೆ. 'ಅಪಪಾನೆ' ಎಂಬ ಕೆಂಪು ಹಕ್ಕಿ ಓಹಿಯದ ಮಕರಂದವನ್ನು ಅರಸುತ್ತ ಒಂದು ತುಂಡಿನಿಂದ ಇನ್ನೊಂದಕ್ಕೆ ಹಾರುವಾಗ ಪರಾಗವನ್ನೂ ಒಯ್ಯುತ್ತದೆ. ದೂರದ ಮಹಾರಣ್ಯ ಎಷ್ಟೇ ದೊಡ್ಡದಿದ್ದರೂ ಕಲ್ಲುಬಯಲಿನ ನಡುವಣ ಒಂದು ಬಿರುಕಿಗೆ ಬೀಜ ಮುಟ್ಟಿಸುವ ಅನುಕೂಲ ಹತ್ತಿರದ ಈ ಹತ್ತು ಮರಗಳಿಗೆ ಹೆಚ್ಚು. ಆದುದರಿಂದ ಕೀಪುಕದ ಬೆಲೆಯನ್ನು ಅದರ ಎಕರೆಗಳಿಂದ ಮಾತ್ರವೇ ಅಳೆಯುವುದು ಸರಿಯಲ್ಲ. ಅದರ ಸುತ್ತ ಎಷ್ಟು ಬರಿದಾದ ನೆಲ ಅದರತ್ತ ಬಾಯ್ದೆರೆದು ಕಾದಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿಜ್ಞಾನಿಗಳಿಗೆ ಈ ತುಂಡುಗಳು ಇನ್ನೊಂದು ಬಗೆಯಲ್ಲಿಯೂ ಉಪಕಾರ ಮಾಡಿವೆ. ಹವಾಯಿಯಲ್ಲಿ ಹಣ್ಣುನೊಣದ ಕುಲಕ್ಕೆ ಸೇರಿದ ನೂರಾರು ಜಾತಿಯ ನೊಣಗಳಿವೆ. ಹ್ಯಾಂಪ್ಟನ್ ಕಾರ್ಸನ್ ಎಂಬ ತಳಿವಿಜ್ಞಾನಿ ಹಲವು ದಶಕಗಳ ಕಾಲ ಅವುಗಳನ್ನು ಅಭ್ಯಾಸಮಾಡಿದರು. ಶಿಲಾರಸ ಹರಿದಾಗ ಒಂದು ತಾಣದ ನೊಣಗಳು ಅಳಿಯುತ್ತವೆ. ಕೀಪುಕಗಳಲ್ಲಿ ಉಳಿದ ಸಣ್ಣ ಗುಂಪುಗಳು ಪರಸ್ಪರ ದೂರವಾಗುತ್ತವೆ. ಕಾಡು ಮರಳಿದಾಗ ಕೆಲವೇ ನೊಣಗಳು ಹೊಸ ತಾಣಕ್ಕೆ ಹೋಗಿ ನೆಲಸುತ್ತವೆ. ಹೀಗೆ ಅಳಿಯುವುದು, ಉಳಿಯುವುದು, ಮರಳಿ ನೆಲಸುವುದು ಇವುಗಳ ಸರಣಿಯಲ್ಲಿ ಜೀವಿಗಳು ಮಾರ್ಪಾಡು ಹೊಂದುವ ಬಗೆಯನ್ನು ಅವರು ವಿವರಿಸಿದರು. ಮೌನ ಲೋವದ ಕೀಪುಕಗಳಲ್ಲಿ ಹಕ್ಕಿಗಳನ್ನು ಎಣಿಸಿದ ಸಂಶೋಧಕರು, ತುಂಡು ದೊಡ್ಡದಾದಷ್ಟೂ ಅದರಲ್ಲಿ ವಾಸಿಸುವ ಹಕ್ಕಿಗಳ ಜಾತಿಗಳು ಹೆಚ್ಚೆಂಬುದನ್ನು ಕಂಡುಕೊಂಡಿದ್ದಾರೆ. ಕಾಡನ್ನು ತುಂಡರಿಸಿದ ನೂರೈವತ್ತು ವರ್ಷಗಳ ಮೇಲೆ ಏನಾಗುತ್ತದೆಂದು ತಿಳಿಯಲು ಮನುಷ್ಯನು ಪ್ರಯೋಗ ಹೂಡಿದರೆ ಅವನ ಆಯುಸ್ಸು ಸಾಲದು. ಆ ಪ್ರಯೋಗವನ್ನು ಅಗ್ನಿಪರ್ವತ ತಾನಾಗಿಯೇ ನಡೆಸಿ ಇಟ್ಟಿದೆ.

ಕೀಪುಕ ಪುವಾವುಲುವಿನ ಒಂದು ಮರದ ಕಥೆಯನ್ನು ಇಲ್ಲಿ ಹೇಳಬೇಕು. ಆ ಮರದ ಹೆಸರು 'ಹೌ ಕುವಾಹಿವಿ'. ಅದು ದಾಸವಾಳದ ಹತ್ತಿರದ ನೆಂಟ. ಆದರೆ ಅದರ ಹೂ ದಾಸವಾಳದಂತೆ ಪೂರ್ಣವಾಗಿ ಅರಳುವುದಿಲ್ಲ. ದಳಗಳು ಸುತ್ತಿಕೊಂಡು ಬಾಗಿದ ಕೊಳವೆಯಂತಿರುತ್ತವೆ. ಬಾಗಿದ ಕೊಕ್ಕಿನ ಹಕ್ಕಿಗಳಿಗೆ ಮಕರಂದವನ್ನೀಯಲು ಅದು ಹೀಗೆ ರೂಪುಗೊಂಡಿದೆ. ಈ ಜಾತಿಯ ಮರ ೧೯೧೧ರಲ್ಲಿ ಆ ಕೀಪುಕದಲ್ಲಿ ಕಂಡುಬಂದಾಗ ಕಾಡಿನಲ್ಲಿ ಇದ್ದುದು ಒಂದೇ ಒಂದು. ಸಸ್ಯವಿಜ್ಞಾನಿ ಜೋಸೆಫ್ ರಾಕ್ ಅದೇ ವರ್ಷ ಅದನ್ನು ವರ್ಣಿಸಿ ಶಾಸ್ತ್ರೀಯ ನಾಮವನ್ನಿತ್ತರು. ೧೯೩೦ರಲ್ಲಿ ಆ ಒಂಟಿ ಮರ ಸತ್ತುಹೋಯಿತು. ಆದರೆ ಅದರೊಳಗೆ ಅದರ ಸಂತಾನವನ್ನು ಬೇರೆಡೆ ಬೆಳೆಸಲಾಗಿತ್ತು. ಹಾಗೆ ಬೆಳೆಸಿದ ಗಿಡಗಳನ್ನು ಮತ್ತೆ ಅದೇ ಕೀಪುಕಕ್ಕೆ ತಂದು ನೆಟ್ಟರು. ಇಂದು ಲೋಕದಲ್ಲಿರುವ ಆ ಜಾತಿಯ ಗಿಡಗಳೆಲ್ಲವೂ ಆ ಒಂದು ಮರದಿಂದ ಬಂದವು. ನೂರು ಎಕರೆಯ ಆ ಕಾಡು ಇಲ್ಲದಿದ್ದಲ್ಲಿ ಅಂಥ ಮರವೊಂದು ಇತ್ತೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಇಷ್ಟಾದರೂ ಒಂದು ಆಕ್ಷೇಪವನ್ನು ಎತ್ತುವವರಿದ್ದಾರೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. "ಹಣವೂ ಜನಬಲವೂ ಮಿತವಾಗಿವೆ. ಹತ್ತು ಹಲವು ಚಿಕ್ಕ ತುಂಡುಗಳಿಗೆ ಬೇಲಿ ಕಟ್ಟಿ ಕಾವಲಿಡುವುದಕ್ಕಿಂತ ಇರುವ ದೊಡ್ಡ ಕಾಡೊಂದನ್ನು ಭದ್ರಪಡಿಸುವುದು ಜಾಣತನವಲ್ಲವೆ? ಚಿಕ್ಕ ತುಂಡು ಇಂದಲ್ಲ ನಾಳೆ ತಾನಾಗಿಯೇ ಕ್ಷೀಣಿಸುತ್ತದೆ" ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ದೊಡ್ಡ ತುಂಡಿನಲ್ಲಿ ಹೆಚ್ಚು ಜಾತಿಯ ಹಕ್ಕಿಗಳಿರುತ್ತವೆಂದು ಮೇಲೆಯೇ ಹೇಳಿದೆ. ದೊಡ್ಡ ಕಾಡಿನ ಬದಲಿಗೆ ಚಿಕ್ಕ ತುಂಡು ಸಾಕೆಂದು ಯಾರೂ ವಾದಿಸಲಾರರು. ಆದರೆ ದೊಡ್ಡ ಕಾಡೊಂದೇ ಸಾಕೆಂಬುದೂ ತಪ್ಪು. ಅಗ್ನಿಪರ್ವತದ ನಾಡಿನಲ್ಲಿ ಇಂದಿನ ದೊಡ್ಡ ಕಾಡು ನಾಳೆಯ ಕಲ್ಲುಬಯಲಾಗಬಹುದು. ಹಿಂದೊಮ್ಮೆ ದೊಡ್ಡ ಕಾಡಾಗಿದ್ದುದೇ ಇಂದು ನೂರಾರು ಕೀಪುಕಗಳಾಗಿದೆಯಲ್ಲವೆ? ಎಲ್ಲ ಬೀಜವನ್ನೂ ಒಂದೇ ಹಗೇವಿನಲ್ಲಿ ತುಂಬಿಡುವವನು ನೀರು ನುಗ್ಗಿದ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಚೆದುರಿದ ಉಳಿಕೆಗಳು ಒಂದು ಅಳಿದರೆ ಇನ್ನೊಂದು ಉಳಿಯುವಂತೆ ಜೀವಜಾತಿಗಳಿಗೆ ಅವಕಾಶವೀಯುತ್ತವೆ. ಅಲ್ಲದೆ, ಕೆಟ್ಟುಹೋದ ನೆಲದಲ್ಲಿ ಕಾಡನ್ನು ಮತ್ತೆ ಬೆಳೆಸಬೇಕೆಂದು ಹೊರಟವರಿಗೆ ಅಲ್ಲಿ ಹಿಂದೆ ಯಾವ ಮರದ ನೆರಳಿನಲ್ಲಿ ಯಾವ ಗಿಡ ಬೆಳೆಯುತ್ತಿತ್ತೆಂದು ತೋರಿಸಿಕೊಡಲು ಪಕ್ಕದಲ್ಲಿಯೇ ಒಂದು ಮಾದರಿ ಬೇಕು. ಆ ಮಾದರಿಯೂ ಕೀಪುಕವೇ.

ಕೀಪುಕಗಳಿಗೆ ಇಂದು ಒದಗಿರುವ ಆಪತ್ತು ಬೆಂಕಿಯ ಹೊಳೆಯಿಂದ ಬಂದುದಲ್ಲವೆಂಬುದು ಎಲ್ಲಕ್ಕಿಂತ ಗಮನಿಸಬೇಕಾದ ಸಂಗತಿ. ಸುತ್ತಲಿನ ಒರಟು ಕಲ್ಲು ಬಹುಕಾಲ ಅವುಗಳಿಗೆ ಕೋಟೆಯ ಕಂದಕದಂತಿತ್ತು. ಈಗ ಆ ಕಂದಕವನ್ನು ದಾಟಿಬರುವ ಶತ್ರುಗಳು ಹುಟ್ಟಿಕೊಂಡಿವೆ. ಅವುಗಳನ್ನು ಕರೆತಂದವನು ಮನುಷ್ಯನೇ. ೧೭೯೩ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ಹವಾಯಿಗೆ ದನಗಳನ್ನು ತಂದನು. ಅವು ಕಾಡುಪಾಲಾಗಿ ಹೆಚ್ಚಿ, ಮೇಯುವ ಪ್ರಾಣಿಗಳನ್ನೇ ಕಂಡರಿಯದ ಸಸಿಗಳನ್ನು ತಿಂದುಹಾಕಿದುವು. ೧೮೨೬ರಲ್ಲಿ ಹಡಗೊಂದರ ನೀರಿನೊಡನೆ ಸೊಳ್ಳೆ ಬಂದಿಳಿಯಿತು. ಮುಂದೆ ಹಕ್ಕಿಗಳ ಮಲೇರಿಯ ಆ ಸೊಳ್ಳೆಯ ಮೂಲಕ ಹರಡಿ, ಆ ರೋಗವನ್ನು ಎಂದೂ ಅರಿಯದಿದ್ದ ಕಾಡುಹಕ್ಕಿಗಳನ್ನು ಬಲಿ ತೆಗೆದುಕೊಂಡಿತು. ೧೮೮೩ರಲ್ಲಿ ಕಬ್ಬಿನ ತೋಟದ ಇಲಿಗಳನ್ನು ಹಿಡಿಯಲೆಂದು ಮುಂಗುಸಿಗಳನ್ನು ತಂದರು. ಅವು ಜಮೈಕದಿಂದ ಬಂದವಾದರೂ ಅವುಗಳ ಮೂಲ ನಮ್ಮ ಭಾರತವೇ. ಇಲಿ ಹೆಚ್ಚಾಗಿ ಇರುಳಿನಲ್ಲಿ ಓಡಾಡುತ್ತದೆ, ಮುಂಗುಸಿ ಹಗಲಿನಲ್ಲಿ. ಇಲಿಗಳ ಕಾಟ ಹಾಗೆಯೇ ಉಳಿಯಿತು. ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳ ಮೊಟ್ಟೆಗಳು ಮುಂಗುಸಿಯ ಪಾಲಾದುವು. ನಮ್ಮಲ್ಲಿ ಹಾವಿನ ವೈರಿಯೆಂದು ಮೆಚ್ಚುವ ಪ್ರಾಣಿಯೇ ತನ್ನದಲ್ಲದ ನೆಲದಲ್ಲಿ ಪಿಡುಗಾಯಿತು.

ಪಶ್ಚಿಮದ ಒಣ ಇಳಿಜಾರುಗಳಲ್ಲಿ ಇನ್ನೊಂದು ಬಗೆಯ ಕೇಡಾಗಿದೆ. ಅಂದಕ್ಕೆಂದು ತಂದು ಬೆಳೆಸಿದ ಆಫ್ರಿಕದ ಒಂದು ಜಾತಿಯ ಹುಲ್ಲು ತೋಟದಿಂದ ತಪ್ಪಿಸಿಕೊಂಡು ಬರಿಯ ಕಲ್ಲಿನ ಮೇಲೂ ಹಬ್ಬಿತು. ಹಿಂದೆ ಕಾಳ್ಗಿಚ್ಚು ಕಲ್ಲುಬಯಲಿನ ಅಂಚಿಗೆ ಬಂದು ಆರಿಹೋಗುತ್ತಿತ್ತು. ಈಗ ಒಣಗಿದ ಹುಲ್ಲು ಬೆಂಕಿಗೆ ಸೇತುವೆಯಾಗಿ, ಕಲ್ಲಿನ ನಡುವೆ ಸುರಕ್ಷಿತವಾಗಿದ್ದ ಕಾಡಿನ ತುಂಡಿನವರೆಗೂ ಅದನ್ನು ನಡೆಸಿಕೊಂಡು ಹೋಗುತ್ತದೆ. ಪೂರ್ವದ ಕಾಡುಗಳಲ್ಲಿ ೨೦೧೦ರ ಸುಮಾರಿಗೆ ಓಹಿಯ ಮರಗಳು ಇದ್ದಕ್ಕಿದ್ದಂತೆ ಒಣಗಿ ಸಾಯತೊಡಗಿದುವು. ೨೦೧೪ರಲ್ಲಿ ಅದಕ್ಕೆ ಕಾರಣ ಒಂದು ಶಿಲೀಂಧ್ರವೆಂದು ಗೊತ್ತಾಯಿತು. ಎಲ್ಲ ಕಾಡಿಗೂ ತಾಯಿಯಂತಿರುವ, ಶಿಲಾರಸದ ಮೇಲೆ ಮೊದಲು ಬೇರಿಳಿಸುವ ಮರಕ್ಕೇ ಈ ರೋಗ ತಗಲಿದೆಯೆಂದರೆ ಅಪಾಯ ಎಷ್ಟು ದೊಡ್ಡದೆಂದು ಊಹಿಸಬಹುದು. ಮಕರಂದ ಹೀರುವ ಹಕ್ಕಿಗಳ ಬಳಗದಲ್ಲಿ ಒಂದು ಕಾಲಕ್ಕೆ ಐವತ್ತಕ್ಕೂ ಹೆಚ್ಚು ಜಾತಿಗಳಿದ್ದುವು. ಇಂದು ಉಳಿದಿರುವುವು ಹದಿನೇಳರ ಆಸುಪಾಸು. ೨೦೨೩ರಲ್ಲಿ ಅಮೆರಿಕ ಸರಕಾರ ಅಳಿದುಹೋದುವೆಂದು ಘೋಷಿಸಿದ ಜೀವಿಗಳಲ್ಲಿ ಎಂಟು ಹವಾಯಿಯ ಹಕ್ಕಿಗಳಿದ್ದುವು. ಎತ್ತರದ ತಂಪು ಕಾಡುಗಳಿಗೆ ಸೊಳ್ಳೆ ಏರಲಾರದೆಂಬ ಒಂದು ಧೈರ್ಯವಿತ್ತು. ಹವೆ ಬೆಚ್ಚಗಾಗುತ್ತ ಬಂದಂತೆ ಅದೂ ಕರಗುತ್ತಿದೆ.

ಅಗ್ನಿಪರ್ವತದ ಕ್ರೌರ್ಯವನ್ನು ಕಡಿಮೆಯೆಂದು ಹೇಳುವುದು ನನ್ನ ಉದ್ದೇಶವಲ್ಲ. ೨೦೧೮ರ ಮೇ ತಿಂಗಳಲ್ಲಿ ಕಿಲವೇಯದ ಪೂರ್ವದ ತಪ್ಪಲಿನಲ್ಲಿ ನೆಲ ಬಿರಿಯತೊಡಗಿ, ಒಟ್ಟು ೨೪ ಬಿರುಕುಗಳಿಂದ ಶಿಲಾರಸ ಹೊಮ್ಮಿತು. ಆಗಸ್ಟಿನವರೆಗೆ ಸುಮಾರು ೩೫ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿತು. ಏಳುನೂರಕ್ಕೂ ಹೆಚ್ಚು ಮನೆಗಳು ಅದರ ಕೆಳಗೆ ಹುಗಿದುಹೋದುವು. ಅಲ್ಲಿನ ಜನರ ಸಂಕಟ ಅಪಾರವಾದುದು. ಆ ಪ್ರವಾಹವೂ ತನ್ನ ನಡುವೆ ಹಸಿರು ತುಂಡುಗಳನ್ನು ಬಿಟ್ಟುಹೋಗಿದೆ. ಬೆಂಕಿಯ ಹೊಳೆಗೆ ದಯೆಯಿಲ್ಲ, ದ್ವೇಷವೂ ಇಲ್ಲ. ನೆಲದ ಏರುತಗ್ಗುಗಳಿಗೆ ತಕ್ಕಂತೆ ಅದು ಹರಿಯುತ್ತದೆ, ಕಡೆಗೆ ನಿಲ್ಲುತ್ತದೆ. ನಿಂತ ಮೇಲೆ ಉಳಿದುದರಿಂದ ಕಾಡು ಮತ್ತೆ ಹೊರಡುತ್ತದೆ. ಮನುಷ್ಯನಿಗೆ ಬುದ್ಧಿಯಿದೆ. ಆ ಬುದ್ಧಿಯಿಂದ ಅವನು ದಿಬ್ಬವನ್ನೂ ಏರುತ್ತಾನೆ, ತಗ್ಗಿಗೂ ಇಳಿಯುತ್ತಾನೆ. 'ಇದು ಯಾವ ಲೆಕ್ಕ' ಎಂದು ಮೂಲೆಯ ತುಂಡನ್ನೂ ಬಿಡದೆ ಸವರಿಹಾಕುತ್ತಾನೆ. ಉಳಿಕೆಯನ್ನೇ ಬಿಡದ ನಾಶದ ಮೇಲೆ ಮರಳಿ ಹುಟ್ಟು ಎಂಬುದಿಲ್ಲ. ನಾವು ಹೆದರಬೇಕಾದುದು ಇದಕ್ಕೆ ಎಂಬುದು ನನ್ನ ಅಭಿಪ್ರಾಯ.

ಅದೇ ಬುದ್ಧಿಯನ್ನು ಕಾಯುವುದಕ್ಕೂ ಬಳಸಬಹುದೆಂಬುದಕ್ಕೆ ಹವಾಯಿಯಲ್ಲಿಯೇ ನಿದರ್ಶನಗಳಿವೆ. ೧೯೧೬ರಲ್ಲಿ ಸ್ಥಾಪಿತವಾದ ಅಲ್ಲಿನ ರಾಷ್ಟ್ರೀಯ ಉದ್ಯಾನ ೧೯೮೭ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಮಾನ್ಯವಾಯಿತು. ಕಾಡುಹಂದಿಗಳು ನುಗ್ಗದಂತೆ ಅಲ್ಲಿ ಬೇಲಿ ಕಟ್ಟಿದ್ದಾರೆ. ಹೊರಗಿನಿಂದ ಬಂದ ಕಳೆಗಳನ್ನು ಕಿತ್ತು ದೇಶೀಯ ಸಸಿಗಳನ್ನು ನೆಡುತ್ತಿದ್ದಾರೆ. ಓಹಿಯದ ರೋಗ ಹರಡದಿರಲೆಂದು ಕಾಡಿಗೆ ಹೋಗುವವರು ಪಾದರಕ್ಷೆಯ ಮಣ್ಣನ್ನು ಉಜ್ಜಿ ತೊಳೆಯಬೇಕೆಂದು ತಿಳಿಹೇಳುತ್ತಾರೆ. ಮರಿಮಾಡಲಾರದ ಗಂಡುಸೊಳ್ಳೆಗಳನ್ನು ಬಿಟ್ಟು ಸೊಳ್ಳೆಯ ಸಂತತಿಯನ್ನು ಕುಗ್ಗಿಸುವ ಕಾರ್ಯವನ್ನು ೨೦೨೩ರಲ್ಲಿ ಪಕ್ಕದ ಮಾವಿ ದ್ವೀಪದಲ್ಲಿ ಆರಂಭಿಸಿದರು. ಗಂಡುಸೊಳ್ಳೆ ಕಚ್ಚುವುದಿಲ್ಲವಾದುದರಿಂದ ಇದರಿಂದ ಯಾರಿಗೂ ತೊಂದರೆಯಿಲ್ಲ.

ಕೀಪುಕ ಎಂಬ ಮಾತು ಹವಾಯಿಯವರ ಬಾಳಿನಲ್ಲಿ ಇನ್ನೂ ಮುಂದಕ್ಕೆ ಹೋಗಿದೆ. ದಾವಿಯಾನ ಮೆಕ್‌ಗ್ರೆಗರ್ ಎಂಬ ಇತಿಹಾಸಕಾರ್ತಿ ೨೦೦೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಹೊಸ ಆರ್ಥಿಕತೆಯ ಪ್ರವಾಹ ಬಳಸಿಕೊಂಡು ಹೋದ ಒಳನಾಡಿನ ಹಳ್ಳಿಗಳನ್ನು 'ಸಂಸ್ಕೃತಿಯ ಕೀಪುಕ'ಗಳೆಂದು ಕರೆದಿದ್ದಾರೆ. ನುಡಿಯ ವಿಷಯದಲ್ಲಿಯೂ ಇದು ನಿಜ. ೧೮೯೬ರ ಕಾನೂನಿನಿಂದ ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷೇ ಬೋಧನೆಯ ಮಾಧ್ಯಮವಾಗಿ, ಮಕ್ಕಳ ಬಾಯಿಂದ ಹವಾಯಿ ನುಡಿ ಮರೆಯಾಗುತ್ತ ಬಂತು. ನೀಹಾವು ಎಂಬ ಪುಟ್ಟ ದ್ವೀಪದಲ್ಲಿಯೂ ಕೆಲವು ಮುದುಕರ ನಾಲಗೆಯಲ್ಲಿಯೂ ಅದು ಉಳಿದಿತ್ತು. ೧೯೭೮ರಲ್ಲಿ ರಾಜ್ಯದ ಸಂವಿಧಾನ ಅದನ್ನು ಅಧಿಕೃತ ಭಾಷೆಯೆಂದು ಒಪ್ಪಿತು. ೧೯೮೪ರಲ್ಲಿ ಎಳೆಯ ಮಕ್ಕಳಿಗೆ ಆ ನುಡಿಯಲ್ಲಿಯೇ ಕಲಿಸುವ ಶಿಶುವಿಹಾರ ತೆರೆಯಿತು. ಉಳಿದಿದ್ದ ಕೆಲವರಿಂದ ನುಡಿ ಮತ್ತೆ ಹಬ್ಬತೊಡಗಿತು. ಆ ಕೆಲವರೂ ಇಲ್ಲದಿದ್ದರೆ ಮಕ್ಕಳಿಗೆ ಕಲಿಸುವವರು ಯಾರಿರುತ್ತಿದ್ದರು?

ಶಿಲಾರಸದ ಕಥೆ ನಮಗೂ ಹೊರಗಿನದಲ್ಲ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಶಿಲಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿಗಳ ಕಡೆ ಜೋಳ ಬೆಳೆಯುವ ಎರೆಮಣ್ಣು ಆ ಕಲ್ಲು ಕರಗಿ ಆದುದು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವಣ ಬಿಡುವಿನಲ್ಲಿ ಕೆರೆಗಳಾಗಿ, ಗಿಡಮರ ಬೆಳೆದು, ಶಂಖದಹುಳು ಮೊದಲಾದ ಜೀವಿಗಳು ನೆಲಸಿದ್ದುವೆಂದು ಆ ಪದರಗಳ ನಡುವೆ ದೊರೆತ ಪಳೆಯುಳಿಕೆಗಳು ಸಾರುತ್ತವೆ. ಎಲ್ಲಿಂದಲೋ ಬೀಜ ಬಂದಿರಬೇಕು. ಎಲ್ಲಿಯೋ ಕಾಡು ಉಳಿದಿರಬೇಕು. ಇಂದು ನಮ್ಮಲ್ಲಿ ಬೆಂಕಿಯ ಹೊಳೆ ಇಲ್ಲ. ಆದರೆ ತೋಟ, ರಸ್ತೆ, ಬಡಾವಣೆಗಳ ಹರಹು ಇದೆ. ಅದರ ನಡುವೆ ಉಳಿದ ತುಂಡುಗಳೂ ಇವೆ. ಕೊಡಗಿನಲ್ಲಿ ಕಾಫಿ ತೋಟಗಳ ನಡುವೆ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಎಷ್ಟೋ ಕಾಡುಗಳು ಕೆಲವೇ ಎಕರೆಯವು. ಕರಾವಳಿಯ ಊರುಗಳಲ್ಲಿ ನಾಗಬನಗಳಿವೆ. 'ಇಷ್ಟು ಚಿಕ್ಕದರಿಂದ ಏನಾಗುತ್ತದೆ' ಎಂಬ ಪ್ರಶ್ನೆ ಅಲ್ಲಿಯೂ ಕೇಳಿಬರುತ್ತದೆ.

ಆ ಪ್ರಶ್ನೆಗೆ ಕೀಪುಕಗಳು ಉತ್ತರ ಕೊಟ್ಟಿವೆ. ಯಾವುದೇ ನೆಲದಲ್ಲಿ ಒಂದು ಯೋಜನೆಯನ್ನು ಹೂಡುವ ಮೊದಲು, ಅಲ್ಲಿ ಉಳಿದಿರುವ ಹಳೆಯ ಕಾಡಿನ ತುಂಡು ಎಲ್ಲಿದೆ, ಅದರಲ್ಲಿ ಏನಿದೆ, ಅದರಿಂದ ಸುತ್ತಣ ನೆಲಕ್ಕೆ ಏನು ಹೋಗುತ್ತಿದೆ ಎಂಬ ಮೂರನ್ನು ಕೇಳಿ ತಿಳಿಯಬೇಕು. ತಿಳಿದ ಮೇಲೆ ಆ ತುಂಡನ್ನು ಬಿಟ್ಟು ಕೆಲಸ ನಡೆಸಬೇಕು. ನೆರೆಯ ತುಂಡುಗಳ ನಡುವೆ ಹಕ್ಕಿ ಹಾರಿಹೋಗುವಷ್ಟಾದರೂ ಮರಗಳಿರಬೇಕು. ಇದು ಆಗದ ಮಾತಲ್ಲ. ತಮ್ಮ ಊರಿನ ಸುತ್ತ ಇಂಥ ಉಳಿಕೆ ಎಲ್ಲಿದೆಯೆಂದು ಈ ಪಾಠವನ್ನು ಓದುವ ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ, ಹೋಗಿ ನೋಡಿ, ಅಲ್ಲಿನ ಮರಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ. ಕಾಯುವ ಕೆಲಸಕ್ಕೆ ಅದೇ ಮೊದಲ ಹೆಜ್ಜೆ. ಏಕೆಂದರೆ ಹೆಸರು ಗೊತ್ತಿಲ್ಲದ ಮರ ಕಡಿದುಹೋದರೆ ಅದನ್ನು ಕೇಳುವವರೂ ಇರುವುದಿಲ್ಲ.